ನಾಲ್ಕು ವರ್ಷದವರು, ಐವತ್ತು ವರ್ಷದ ನೆನಪು

ವಿಶ್ವವಿದ್ಯಾನಿಲಯಗಳ ಇತಿಹಾಸವನ್ನು ಬರೆಯುವವರು ಸ್ಥಾಪಕರ ಸಂಕಲ್ಪದಿಂದ ಆರಂಭಿಸಿ, ಗ್ರಂಥಾಲಯ, ಪ್ರಯೋಗಶಾಲೆ, ಪ್ರಾಧ್ಯಾಪಕರ ಸಂಶೋಧನೆ ಇವುಗಳ ಮೂಲಕ ಸಾಗಿ, ಕೊನೆಗೊಂದು ಅನುಬಂಧದಲ್ಲಿ ಆಟದ ಅಂಗಳವನ್ನು ಸ್ಮರಿಸುವುದು ರೂಢಿ. ಆದರೆ ಒಂದು ವಿದ್ಯಾರ್ಥಿ ಸಮುದಾಯ ತನ್ನನ್ನು ತಾನು ಏನೆಂದು ಭಾವಿಸಿಕೊಂಡಿತ್ತು, ಯಾರನ್ನು ತನ್ನ ಎದುರಾಳಿ ಎಂದು ಬಗೆದಿತ್ತು, ಯಾವುದಕ್ಕಾಗಿ ಆಸೆಪಟ್ಟು ಕಾದಿತ್ತು ಎಂಬುದನ್ನು ತಿಳಿಯಬೇಕಾದರೆ ಆ ಅನುಬಂಧವನ್ನೇ ಮೊದಲು ತೆರೆಯಬೇಕಾಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಹಾಕಿ ತಂಡ ಮತ್ತು ಅದರ ಅಭಿಮಾನಿಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹುಲ್ಲಿನ ಮೈದಾನ ಮತ್ತು ಧ್ಯಾನ್‌ಚಂದರ ಕೋಲು. ಇಲ್ಲಿ ಹೇಳಹೊರಟಿರುವುದು ಅದನ್ನಲ್ಲ. ಉತ್ತರ ಅಮೆರಿಕದ ಚಳಿನಾಡುಗಳಲ್ಲಿ ಮಂಜುಗಡ್ಡೆಯ ಮೇಲೆ, ಪಾದರಕ್ಷೆಗೆ ಉಕ್ಕಿನ ಅಲಗು ಕಟ್ಟಿಕೊಂಡು ಆಡುವ ಐಸ್ ಹಾಕಿಯನ್ನು. ಪ್ರತಿ ಪಕ್ಷಕ್ಕೆ ಆರು ಮಂದಿ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಚೆಂಡಿನ ಸ್ಥಾನದಲ್ಲಿ ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ. ಆಟದ ವೇಗ ಕಣ್ಣಿಗೆ ನಿಲುಕದಷ್ಟು. ಅಮೆರಿಕದ ಕಾಲೇಜುಗಳು ತಮ್ಮೊಳಗೆ ಈ ಆಟವನ್ನು 1896ರಿಂದ ಆಡುತ್ತಿವೆ. ರಾಷ್ಟ್ರಮಟ್ಟದ ಕಾಲೇಜು ಚಾಂಪಿಯನ್‌ಷಿಪ್ ಆರಂಭವಾದದ್ದು 1948ರಲ್ಲಿ.

ಕಾರ್ನೆಲ್ ಇರುವ ಊರಿನ ಹೆಸರು ಇಥಾಕಾ. ನ್ಯೂಯಾರ್ಕ್ ರಾಜ್ಯದ ಒಳನಾಡಿನಲ್ಲಿ, ಒಂದು ನೀಳವಾದ ಸರೋವರದ ದಕ್ಷಿಣ ತುದಿಯಲ್ಲಿ, ಆಳವಾದ ಕಣಿವೆಗಳ ನಡುವೆ ಇರುವ ಸಣ್ಣ ಪಟ್ಟಣ. ಹೋಮರನ ಮಹಾಕಾವ್ಯದಲ್ಲಿ ಒಡಿಸ್ಯೂಸನ ದ್ವೀಪಕ್ಕೆ ಇದೇ ಹೆಸರು. ಅಲ್ಲಿ ಪೆನೆಲೋಪೆ ಇಪ್ಪತ್ತು ವರ್ಷ ಕಾದಳು. ಈ ಇಥಾಕಾದ ಜನ ಅದಕ್ಕಿಂತಲೂ ದೀರ್ಘಕಾಲ ಕಾದಿದ್ದಾರೆ. ಅವರು ಕಾದದ್ದು ಯಾವುದಕ್ಕೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕಾರ್ನೆಲಿನ ಹುಡುಗರು ವಿಶ್ವವಿದ್ಯಾನಿಲಯದ ಆವರಣದಲ್ಲೇ ಇರುವ ಬೀಬಿ ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೆ ಆಡುತ್ತಿದ್ದರು. ಚಳಿ ಸಾಲದೆ ನೀರು ಗಟ್ಟಿಯಾಗದ ವರ್ಷಗಳಲ್ಲಿ ಆಟವೇ ಇಲ್ಲ. ಪ್ರಕೃತಿಯ ಕೃಪೆಯನ್ನೇ ನಂಬಿದ ಈ ವ್ಯವಸ್ಥೆ 1948ರಲ್ಲಿ ನಿಂತುಹೋಯಿತು. ಕೃತಕ ಮಂಜುಗಡ್ಡೆಯ ಲೈನಾ ಅಂಗಳ 1957ರಲ್ಲಿ ತೆರೆದಾಗ ತಂಡ ಪುನಃ ಹುಟ್ಟಿತು. ಹಿಂದೆ ಸುಮಾರು 3,800 ಮಂದಿ ಕುಳಿತುಕೊಳ್ಳಬಹುದಾಗಿದ್ದ, ತಗ್ಗು ಮಾಡಿನ ಕಟ್ಟಡ ಅದು. ಪ್ರೇಕ್ಷಕರ ಕೂಗು ಹೊರಗೆ ಹೋಗದೆ ಒಳಗೇ ಸುತ್ತುತ್ತದೆ. ಹೊರಗಿನಿಂದ ಬಂದ ತಂಡಗಳು ಆ ಗದ್ದಲಕ್ಕೆ ಅಂಜುತ್ತಿದ್ದವೆಂಬುದು ಉತ್ಪ್ರೇಕ್ಷೆಯಲ್ಲ.

ಹೊಸದಾಗಿ ಹುಟ್ಟಿದ ತಂಡಕ್ಕೆ ಅಳತೆಗೋಲಾಗಿ ದೊರೆತದ್ದು ಹಾರ್ವರ್ಡ್. ಇವೆರಡರ ವೈರವನ್ನು ಅರ್ಥಮಾಡಿಕೊಳ್ಳಲು ಆಟದ ಅಂಕೆಗಳು ಸಾಲವು. ಹಾರ್ವರ್ಡ್ 1636ರಲ್ಲಿ ಸ್ಥಾಪಿತವಾದದ್ದು. ಅಮೆರಿಕದ ಹಳೆಯ ಕುಲೀನತೆಯ ಪ್ರತೀಕ. ಕಾರ್ನೆಲ್ 1865ರಲ್ಲಿ, ಬೇಸಾಯ ಮತ್ತು ಯಂತ್ರವಿದ್ಯೆಗಳನ್ನು ಬೆಳೆಸುವ ಸಲುವಾಗಿ ರಾಜ್ಯಗಳಿಗೆ ಭೂಮಿ ನೀಡಿದ 1862ರ ಶಾಸನದ ಆಶ್ರಯದಲ್ಲಿ ತಲೆಯೆತ್ತಿದ್ದು. ಗ್ರೀಕ್, ಲ್ಯಾಟಿನ್ನುಗಳೊಡನೆ ಹೈನುಗಾರಿಕೆಯೂ ಪಾಠವಾಗಬಹುದೆಂದು ನಂಬಿದ ಸಂಸ್ಥೆ ಅದು. ಹಳಬರ ಕಣ್ಣಿಗೆ ಇದು ‘ಒಕ್ಕಲುತನದ ಕಾಲೇಜು’. ಆ ಮಾತಿನಲ್ಲಿದ್ದ ತಾತ್ಸಾರ ಕಾರ್ನೆಲಿಗರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. 1962ರಲ್ಲಿ ಲೈನಾ ಅಂಗಳದಲ್ಲಿ ಕಾರ್ನೆಲ್ ಹಾರ್ವರ್ಡನ್ನು 2–1ರಿಂದ ಸೋಲಿಸಿದಾಗ ಗೆದ್ದದ್ದು ಒಂದು ಪಂದ್ಯವಷ್ಟೇ ಎಂದು ಅಲ್ಲಿದ್ದ ಯಾರೂ ಭಾವಿಸಿರಲಾರರು.

ವೈರಕ್ಕೆ ಅದರ ವಿಚಿತ್ರ ಲಾಂಛನ ದೊರೆತದ್ದು 1973ರ ಸುಮಾರಿನಲ್ಲಿ. ವಿದ್ಯಾರ್ಥಿಗಳ ಬಾಯಿಂದ ಬಾಯಿಗೆ ಬಂದಿರುವ ಕಥೆ ಹೀಗಿದೆ: ಹಾರ್ವರ್ಡಿನ ಅಂಗಳದಲ್ಲಿ ಯಾರೋ ಕಾರ್ನೆಲಿನ ಗೋಲ್‌ರಕ್ಷಕನತ್ತ ಸತ್ತ ಕೋಳಿಯೊಂದನ್ನು ಎಸೆದರು. ‘ಕೋಳಿ ಸಾಕುವವರು ನೀವು’ ಎಂಬುದು ಅದರ ಇಂಗಿತ. ಹಾರ್ವರ್ಡ್ ಇರುವುದು ಬಾಸ್ಟನ್ ನಗರದ ಮಗ್ಗುಲಲ್ಲಿ. ಬಾಸ್ಟನ್ ಹಳೆಯ ಮೀನುಗಾರಿಕೆಯ ಬಂದರು. ಹಾರ್ವರ್ಡ್ ತಂಡ ಇಥಾಕಾಕ್ಕೆ ಬಂದಾಗ ಅದನ್ನು ಸ್ವಾಗತಿಸಿದ್ದು ಮೀನುಗಳ ಮಳೆ! ಅಲ್ಲಿಂದ ಮುಂದೆ ಹಾರ್ವರ್ಡ್ ಆಟಗಾರರು ಲೈನಾ ಅಂಗಳಕ್ಕೆ ಇಳಿದಾಗ ಮೀನು ಬೀಳುವುದು ಸಂಪ್ರದಾಯವೇ ಆಯಿತು. ಅಂಗಿಯೊಳಗೆ ಮೀನನ್ನು ಅಡಗಿಸಿಕೊಂಡು ದ್ವಾರಪಾಲಕರ ಕಣ್ಣು ತಪ್ಪಿಸುವುದು ಒಂದು ವಿದ್ಯೆಯಾಯಿತು. ಆಟ ಶುರುವಾದ ಮೇಲೆ ಎಸೆದರೆ ದಂಡ ತೆರಬೇಕಾದದ್ದು ಸ್ವಂತ ತಂಡವೇ ಎಂಬ ಎಚ್ಚರಿಕೆಯೂ ಇದ್ದೇ ಇತ್ತು.

ಇದನ್ನು ಒರಟುತನವೆಂದು ತಳ್ಳಿಹಾಕುವುದು ಸುಲಭ. ಒರಟುತನವೂ ಇದರಲ್ಲಿ ಇಲ್ಲದಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಕಾಲೇಜಿನ ಅಭಿಮಾನಿ ನಾಲ್ಕು ವರ್ಷದ ಅತಿಥಿ. ಆಟಗಾರನೂ ಅಷ್ಟೇ. ಐದನೆಯ ವರ್ಷಕ್ಕೆ ಅಂಗಳದಲ್ಲಿ ಆಡುವವರೆಲ್ಲ ಬೇರೆ, ಸುತ್ತ ಕುಳಿತು ಕೂಗುವ ವಿದ್ಯಾರ್ಥಿಗಳೆಲ್ಲ ಬೇರೆ. ಪಟ್ಟಣದ ವೃತ್ತಿನಿರತ ತಂಡವೊಂದರ ಅಭಿಮಾನಿ ಜೀವನಪೂರ್ತಿ ಒಂದೇ ಆಸನದಲ್ಲಿ ಕುಳಿತಿರಬಹುದು. ಕಾಲೇಜಿನಲ್ಲಿ ಜನಸಮೂಹವೇ ಹರಿಯುವ ನೀರು. ಹೀಗಿರುವಾಗ ಅರ್ಧ ಶತಮಾನದ ಹಿಂದಿನ ಅವಮಾನವಾಗಲಿ ಆಸೆಯಾಗಲಿ ಉಳಿಯುವುದಾದರೂ ಹೇಗೆ? ಆಚಾರಗಳ ಮೂಲಕ ಎಂಬುದೇ ಇದಕ್ಕೆ ಉತ್ತರ. ಎದುರು ತಂಡದ ಆಟಗಾರರ ಹೆಸರು ಹೇಳುವಾಗ ಲೈನಾ ಅಂಗಳದ ವಿದ್ಯಾರ್ಥಿಗಳು ವೃತ್ತಪತ್ರಿಕೆಯನ್ನು ಅಗಲಿಸಿ ಓದುವವರಂತೆ ನಟಿಸಿ, ಅದನ್ನು ಸರಸರನೆ ಅಲುಗಾಡಿಸುತ್ತಾರೆ. ಗೋಲು ಬಿಟ್ಟುಕೊಟ್ಟ ಎದುರಾಳಿ ರಕ್ಷಕನನ್ನು ‘ಜರಡಿ, ಜರಡಿ’ ಎಂದು ಒಕ್ಕೊರಲಿನಿಂದ ಹಂಗಿಸುತ್ತಾರೆ. ವರ್ಷದ ಟಿಕೆಟ್ಟಿಗಾಗಿ ರಾತ್ರಿಯಿಡೀ ಸಾಲಿನಲ್ಲಿ ಮಲಗಿ ಕಾಯುವ ಪದ್ಧತಿಯೂ ಇಲ್ಲಿ ಬೆಳೆದಿತ್ತು. ಇವುಗಳನ್ನು ಯಾವ ತರಗತಿಯಲ್ಲೂ ಕಲಿಸುವುದಿಲ್ಲ. ನಾಲ್ಕನೆಯ ವರ್ಷದವನು ಮೊದಲನೆಯ ವರ್ಷದವನಿಗೆ, ಹರಟೆಯ ನಡುವೆ, ದಾಟಿಸುತ್ತಾನೆ. ಮೀನು ಏಕೆ ಎಂದು ಕೇಳಿದವನಿಗೆ ಕೋಳಿಯ ಕಥೆ ಹೇಳಬೇಕಾಗುತ್ತದೆ. ಕೋಳಿ ಏಕೆ ಎಂದು ಕೇಳಿದವನಿಗೆ 1862ರ ಶಾಸನದವರೆಗೂ ಹೋಗಬೇಕಾಗುತ್ತದೆ.

ಇಷ್ಟು ಜತನದಿಂದ ದಾಟಿಸಿಕೊಂಡು ಬಂದ ನೆನಪಿನ ತಿರುಳಾದರೂ ಏನು? ಅದು 1970ರ ಋತು. 1963ರಲ್ಲಿ ತರಬೇತಿಗೆ ಬಂದ ನೆಡ್ ಹಾರ್ಕ್‌ನೆಸ್ ಕೆನಡಾದ ಆಟವಾ ನಗರದಲ್ಲಿ ಹುಟ್ಟಿದವರು. 1954ರಲ್ಲಿ ರೆನ್ಸೆಲೇರ್ ಸಂಸ್ಥೆಯ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ಗಳಿಸಿಕೊಟ್ಟವರು. ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡದಿರುವುದು ಕಾರ್ನೆಲ್, ಹಾರ್ವರ್ಡ್ ಮೊದಲಾದ ಎಂಟು ಸಂಸ್ಥೆಗಳ ಕೂಟದ ನಿಯಮ. ಆ ಮಿತಿಯೊಳಗೇ ಅವರು ಕೆನಡಾದ ಒಂಟಾರಿಯೊ ಪ್ರಾಂತ್ಯದ ಹುಡುಗರನ್ನು ಇಥಾಕಾಕ್ಕೆ ಕರೆತಂದರು. ಅವರಲ್ಲೊಬ್ಬ ಕೆನ್ ಡ್ರೈಡನ್ ಎಂಬ ಎತ್ತರದ ಗೋಲ್‌ರಕ್ಷಕ, ಇತಿಹಾಸದ ವಿದ್ಯಾರ್ಥಿ. 1967ರಲ್ಲಿ ಕಾರ್ನೆಲ್ ಬಾಸ್ಟನ್ ವಿಶ್ವವಿದ್ಯಾನಿಲಯವನ್ನು 4–1ರಿಂದ ಸೋಲಿಸಿ ಮೊದಲ ಬಾರಿಗೆ ರಾಷ್ಟ್ರದ ಚಾಂಪಿಯನ್ ಆಯಿತು. 1969ರ ಅಂತಿಮ ಪಂದ್ಯದಲ್ಲಿ ಡೆನ್ವರ್ 4–3ರಿಂದ ಅದನ್ನು ಸೋಲಿಸಿತು. ಡ್ರೈಡನ್ ಪದವಿ ಪಡೆದು ಹೊರಟುಹೋದರು. ಮುಂದೆ ಅವರು ಮಾಂಟ್ರಿಯಲ್ ತಂಡದ ಪ್ರಖ್ಯಾತ ರಕ್ಷಕರಾದದ್ದು, 1983ರಲ್ಲಿ ‘ದಿ ಗೇಮ್’ ಎಂಬ ಗ್ರಂಥ ಬರೆದದ್ದು, ಕೆನಡಾದ ಮಂತ್ರಿಯಾದದ್ದು ಬೇರೆಯೇ ಕಥೆ. 2025ರಲ್ಲಿ ಅವರು ನಿಧನರಾದರು. ಅಂಥ ಆಟಗಾರ ಹೋದ ಮೇಲೆ ತಂಡ ಕುಸಿಯಬಹುದೆಂದು ಯಾರಾದರೂ ಎಣಿಸಿದ್ದರೆ ಅದು ಸಹಜವೇ.

ಆದದ್ದು ಬೇರೆ. 1969–70ರ ಋತುವಿನಲ್ಲಿ ಕಾರ್ನೆಲ್ 29 ಪಂದ್ಯಗಳನ್ನಾಡಿ 29ನ್ನೂ ಗೆದ್ದಿತು. ಒಂದು ಸೋಲಿಲ್ಲ, ಒಂದು ಸಮವಿಲ್ಲ. ಲೇಕ್ ಪ್ಲಾಸಿಡ್ ಎಂಬ ಪರ್ವತದೂರಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕ್ಲಾರ್ಕ್‌ಸನ್ ತಂಡದ ವಿರುದ್ಧ, ಕೊನೆಯ ಅವಧಿಯಲ್ಲಿ ಡ್ಯಾನ್ ಲಾಡ್‌ಬೋವಾ ಎಂಬ ರಕ್ಷಣಾ ಆಟಗಾರ ಒಬ್ಬನೇ ಮೂರು ಗೋಲು ಹೊಡೆದು 6–4ರ ಗೆಲುವು ತಂದ. ಪುರುಷರ ಕಾಲೇಜು ಹಾಕಿಯ ಉನ್ನತ ವಿಭಾಗದಲ್ಲಿ ಇಂಥ ಕಳಂಕವಿಲ್ಲದ ಋತುವಿನೊಡನೆ ಪ್ರಶಸ್ತಿ ಗೆದ್ದ ಇನ್ನೊಂದು ತಂಡ ಅದಕ್ಕೆ ಮೊದಲೂ ಇರಲಿಲ್ಲ. ಆಮೇಲೆ ಅರ್ಧ ಶತಮಾನ ಕಳೆದರೂ ಬರಲಿಲ್ಲ. ಹಿಂದಿನ ವರ್ಷದ ಏಪ್ರಿಲ್‌ನಲ್ಲಷ್ಟೇ ಕರಿಯ ವಿದ್ಯಾರ್ಥಿಗಳು ತಮ್ಮ ನ್ಯಾಯಕ್ಕಾಗಿ ಅಲ್ಲಿನ ವಿದ್ಯಾರ್ಥಿಭವನವನ್ನು ಹಿಡಿದು ನಿಂತಿದ್ದರು. ವಿಯೆಟ್ನಾಂ ಯುದ್ಧದ ಬೇಗುದಿ ದೇಶದ ವಿದ್ಯಾಸಂಸ್ಥೆಗಳನ್ನೆಲ್ಲ ಸುಡುತ್ತಿತ್ತು. ಅಂಥ ಒಡಕಿನ ಕಾಲದಲ್ಲಿ ಈ ಋತು ಬಂತು ಎಂಬುದನ್ನೂ ನೆನೆಯಬೇಕು.

ಪರಿಪೂರ್ಣತೆಯ ಸ್ಮೃತಿ ವರವೂ ಹೌದು, ಹೊರೆಯೂ ಹೌದು. ಹಾರ್ಕ್‌ನೆಸ್ ಆ ವರ್ಷವೇ ವೃತ್ತಿನಿರತ ತಂಡವೊಂದಕ್ಕೆ ತೆರಳಿದರು. 1972ರ ಅಂತಿಮ ಪಂದ್ಯದಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯ 4–0ರಿಂದ ಸೇಡು ತೀರಿಸಿಕೊಂಡಿತು. 1973ರ ಉಪಾಂತ್ಯದಲ್ಲಿ ವಿಸ್ಕಾನ್ಸಿನ್ ಎದುರು 4–0ರಿಂದ ಮುಂದಿದ್ದ ಕಾರ್ನೆಲ್ ಹೆಚ್ಚುವರಿ ಕಾಲದಲ್ಲಿ 6–5ರಿಂದ ಸೋತಿತು. 2003ರಲ್ಲಿ ಕೊನೆಯ ನಾಲ್ಕರೊಳಗೆ ಬಂದು ನ್ಯೂ ಹ್ಯಾಂಪ್‌ಷೈರ್ ಎದುರು 3–2ರಿಂದ ಹಿಂದಿರುಗಿತು. 2006ರಲ್ಲಿ ಪುನಃ ವಿಸ್ಕಾನ್ಸಿನ್. ಮೂರನೆಯ ಹೆಚ್ಚುವರಿ ಅವಧಿಯವರೆಗೆ ಎರಡೂ ಕಡೆ ಗೋಲಿಲ್ಲ, ಕೊನೆಗೆ 1–0. ಇದರ ನಡುವೆ 1989ರಲ್ಲಿ ಹಾರ್ವರ್ಡ್, 2013ರಲ್ಲಿ ಯೇಲ್ ರಾಷ್ಟ್ರಪ್ರಶಸ್ತಿಯನ್ನು ಗೆದ್ದವು. ನೆರೆಮನೆಯಲ್ಲಿ ಮದುವೆಯ ವಾದ್ಯ ಕೇಳಿದಾಗ ನಮ್ಮ ಮನೆಯ ಮೌನ ಹೆಚ್ಚು ಕೇಳಿಸುವುದುಂಟು.

1995ರಿಂದ ತಂಡವನ್ನು ನಡೆಸಿದ ಮೈಕ್ ಷೇಫರ್ ಸ್ವತಃ ಕಾರ್ನೆಲಿನ ಹಳೆಯ ಆಟಗಾರ. ಹಾರ್ವರ್ಡ್ ಎದುರಿನ ಪಂದ್ಯಕ್ಕೆ ಮೊದಲು ಕೋಲನ್ನು ತನ್ನ ತಲೆಗೇ ಬಡಿದು ಮುರಿದ ವಿದ್ಯಾರ್ಥಿ ಎಂದು ಪ್ರಸಿದ್ಧರಾದವರು. ಅವರ ಕೈಯಲ್ಲಿ, 1970ರ ಗೆಲುವಿನ ಸರಿಯಾಗಿ ಐವತ್ತನೆಯ ವರ್ಷದಲ್ಲಿ, ತಂಡ 23 ಗೆಲುವು, 2 ಸೋಲು, 4 ಸಮಗಳೊಡನೆ ದೇಶದ ಮೊದಲ ಸ್ಥಾನದಲ್ಲಿ ನಿಂತಿತು. ಮಹಿಳೆಯರ ತಂಡವೂ 28 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನದಲ್ಲಿತ್ತು. ಅಂಕೆಗಳಲ್ಲಿ ನಂಬಿಕೆಯಿಲ್ಲದವರೂ ಆ ಐವತ್ತರಲ್ಲಿ ಏನೋ ಸಂಕೇತವನ್ನು ಕಂಡಿದ್ದರೆ ಆಶ್ಚರ್ಯವಿಲ್ಲ. 2020ರ ಮಾರ್ಚ್ 12ರಂದು, ಕೊರೋನಾ ಸೋಂಕಿನ ಭೀತಿಯಿಂದ ರಾಷ್ಟ್ರೀಯ ಪಂದ್ಯಾವಳಿಯೇ ರದ್ದಾಯಿತು. ಮುಂದಿನ ಋತುವನ್ನೂ ಆ ಎಂಟು ಸಂಸ್ಥೆಗಳು ಕೈಬಿಟ್ಟವು. ನಾಲ್ಕನೆಯ ವರ್ಷದ ಆಟಗಾರರಿಗೂ ಅವರೊಡನೆ ಕಾದಿದ್ದ ವಿದ್ಯಾರ್ಥಿಗಳಿಗೂ ಇನ್ನೊಂದು ಚಳಿಗಾಲ ಇರಲಿಲ್ಲ.

ಸೋಲಿಗೆ ಒಂದು ಅರ್ಥವಿದೆ. ಸೋತವನು ಎದುರಾಳಿಯನ್ನು ದೂರಬಹುದು, ತೀರ್ಪುಗಾರನನ್ನು ಶಪಿಸಬಹುದು, ಜಾರಿದ ಆ ಒಂದು ಕ್ಷಣವನ್ನು ಮೆಲುಕು ಹಾಕಬಹುದು. ಆಡದೇ ಹೋದ ಪಂದ್ಯಕ್ಕೆ ಇದಾವುದೂ ಇಲ್ಲ. ಊರೂರುಗಳಲ್ಲಿ ಜನ ಪ್ರಾಣ ಕಳೆದುಕೊಳ್ಳುತ್ತಿದ್ದಾಗ ಆಟ ತಪ್ಪಿತೆಂದು ಅಳುವುದು ಉಚಿತವಲ್ಲವೆಂದೂ ಆ ಯುವಕ ಯುವತಿಯರು ಬಲ್ಲರು. ಹೇಳಿಕೊಳ್ಳಲಾಗದ ದುಃಖ ಅದು. ಕೊನೆಯ ವಾಕ್ಯವಿಲ್ಲದ ಕಥೆಯನ್ನು ಮುಂದಿನವರಿಗೆ ದಾಟಿಸಬೇಕಾದ ಪ್ರಸಂಗ ಆ ತಲೆಮಾರಿಗೆ ಬಂತು.

ದಾಟಿಸಿದರು ಎಂಬುದೇ ಸೋಜಿಗ. 2024ರಲ್ಲೂ 2025ರಲ್ಲೂ ಕಾರ್ನೆಲ್ ತನ್ನ ಪೂರ್ವವಲಯದ ಕೂಟದ ಪ್ರಶಸ್ತಿಯನ್ನು ಲೇಕ್ ಪ್ಲಾಸಿಡಿನಲ್ಲೇ, 1970ರ ಆ ಊರಿನಲ್ಲೇ, ಗೆದ್ದಿತು. 2025ರ ವಸಂತದಲ್ಲಿ, ಷೇಫರ್ ನಿವೃತ್ತರಾಗಲಿದ್ದ ಋತುವಿನಲ್ಲಿ, ಬಲಿಷ್ಠವಾದ ಮಿಷಿಗನ್ ಸ್ಟೇಟ್ ತಂಡವನ್ನು ಕೊನೆಯ ಕ್ಷಣಗಳ ಗೋಲಿನಿಂದ 4–3ಕ್ಕೆ ಉರುಳಿಸಿತು. ಕೊನೆಯ ನಾಲ್ಕಕ್ಕೆ ಇನ್ನೊಂದೇ ಮೆಟ್ಟಿಲು. ಅಲ್ಲಿ ನಿಂತಿದ್ದದ್ದು ಹಳೆಯ ಎದುರಾಳಿ ಬಾಸ್ಟನ್ ವಿಶ್ವವಿದ್ಯಾನಿಲಯ. ಹೆಚ್ಚುವರಿ ಕಾಲದಲ್ಲಿ 3–2.

ಆ ಪಂದ್ಯಕ್ಕಾಗಿ ಕೂಗಿದ ಹುಡುಗ ಹುಡುಗಿಯರಲ್ಲಿ 1970ನ್ನು ಕಂಡವರು ಒಬ್ಬರೂ ಇಲ್ಲ. ಅವರ ತಂದೆತಾಯಿಯರಲ್ಲಿಯೂ ಕಂಡವರು ವಿರಳ. ತಾವು ಕಾಣದ ವೈಭವವನ್ನು ತಮ್ಮದೆಂದು ನಂಬಿ, ತಾವು ಪಡದ ಅವಮಾನಕ್ಕೆ ಮೀನಿನಿಂದ ಉತ್ತರಿಸಿ, ತಾವು ಇರದ ಕಾಲದಲ್ಲಿ ಬರಬಹುದಾದ ಗೆಲುವಿಗಾಗಿ ಗಂಟಲು ಹರಿದುಕೊಳ್ಳುವುದು ಲೆಕ್ಕಾಚಾರದ ಬುದ್ಧಿಗೆ ಹುಚ್ಚಾಗಿಯೇ ಕಾಣುತ್ತದೆ. ಆದರೆ ಸಂಸ್ಥೆಗಳು ಬಾಳುವುದು ಇಂಥ ಹುಚ್ಚಿನಿಂದಲೇ. ಕಲ್ಲಿನ ಕಟ್ಟಡಗಳು ವಿಶ್ವವಿದ್ಯಾನಿಲಯದ ವಯಸ್ಸನ್ನು ಹೇಳುತ್ತವೆ. ಅದಕ್ಕೆ ನೆನಪಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಚಳಿಗಾಲದ ಒಂದು ಶನಿವಾರ ಸಂಜೆ ಲೈನಾ ಅಂಗಳದ ಬಾಗಿಲಲ್ಲಿ ಕಿವಿಗೊಟ್ಟು ನಿಂತರೆ ಸಾಕು.