ಒಂದೇ ಕಂಪ್ಯೂಟರ್, ಎರಡು ಪರದೆ: ಮಾನಿಟರ್, ಪ್ರೊಜೆಕ್ಟರ್ ಎರಡರಲ್ಲೂ ಏಕಕಾಲಕ್ಕೆ ವಿಡಿಯೋ ತೋರಿಸುವುದು ಹೇಗೆ?

ವಾಶಿ: ಸಭಾಂಗಣ ತುಂಬಿದೆ, ಅತಿಥಿಗಳು ಬಂದಾಗಿದೆ, ದೀಪ ಬೆಳಗಿದ್ದೂ ಆಯಿತು. ಇನ್ನೇನು ಸಾಕ್ಷ್ಯಚಿತ್ರ ಶುರುವಾಗಬೇಕು ಅನ್ನುವಾಗ ಪರದೆಯ ಮೇಲೆ 'ನೋ ಸಿಗ್ನಲ್'! ಕಂಪ್ಯೂಟರ್ ಮುಂದೆ ಕುಳಿತ ಸ್ವಯಂಸೇವಕನ ಮಾನಿಟರ್‌ನಲ್ಲಿ ಮಾತ್ರ ವಿಡಿಯೋ ಸರಾಗವಾಗಿ ಓಡುತ್ತಿದೆ. ಸಂಘ-ಸಂಸ್ಥೆಗಳ ಕಾರ್ಯಕ್ರಮಗಳಲ್ಲಿ ಇದು ಅಪರೂಪದ ದೃಶ್ಯವೇನಲ್ಲ.

ವಾಶಿಯ ವಿಷ್ಣುದಾಸ್ ಭಾವೆ ನಾಟ್ಯಗೃಹದ ಹೆಸರಿಗೂ ಕನ್ನಡಕ್ಕೂ ಹಳೆಯ ನಂಟಿದೆ. ಕರ್ನಾಟಕದ ಭಾಗವತರ ಆಟದಿಂದ ಪ್ರೇರಣೆ ಪಡೆದ ಭಾವೆ, 1843ರಲ್ಲಿ ಸಾಂಗ್ಲಿಯಲ್ಲಿ 'ಸೀತಾ ಸ್ವಯಂವರ' ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಇಂದು ರಂಗಮಂದಿರವಿರಲಿ, ಶಾಲೆಯ ಹಾಲ್ ಇರಲಿ, ವೇದಿಕೆಗೆ ಪ್ರೊಜೆಕ್ಟರ್ ಬೇಕೇ ಬೇಕು. ಅದಕ್ಕೆ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಕಂಪ್ಯೂಟರ್‌ನಲ್ಲಿ ಎರಡು ಪೋರ್ಟ್ ಇದ್ದರೆ

ಒಂದಕ್ಕೆ ಮಾನಿಟರ್, ಇನ್ನೊಂದಕ್ಕೆ ಪ್ರೊಜೆಕ್ಟರ್ ಜೋಡಿಸಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡೂ ಕೇಬಲ್‌ಗಳನ್ನು ಆ ಕಾರ್ಡ್‌ಗೇ ಹಾಕಿ. ನಂತರ ವಿಂಡೋಸ್ ಕೀ ಹಿಡಿದು 'ಪಿ' ಒತ್ತಿ. ವಿಂಡೋಸ್ 7ರಿಂದ ಈಚೆಗೆ ಬಂದ ಆವೃತ್ತಿಗಳಲ್ಲಿ ಈ ಸೌಲಭ್ಯವಿದೆ. 'ಡೂಪ್ಲಿಕೇಟ್' ಆರಿಸಿದರೆ ಎರಡೂ ಕಡೆ ಒಂದೇ ಚಿತ್ರ. 'ಎಕ್ಸ್‌ಟೆಂಡ್' ಆರಿಸಿದರೆ ಎರಡೂ ಬೇರೆ ಬೇರೆ ಪರದೆಗಳಾಗುತ್ತವೆ. ಮ್ಯಾಕ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 'ಮಿರರ್' ಆಯ್ಕೆ ಮಾಡಿ.

ಲ್ಯಾಪ್‌ಟಾಪ್‌ಗೆ ತನ್ನದೇ ಪರದೆ ಇರುವುದರಿಂದ ಒಂದೇ ಪೋರ್ಟ್ ಸಾಕು. ಆದರೆ ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳಿಂದಲೂ ವಿಡಿಯೋ ಹೊರಬರುವುದಿಲ್ಲ. ಅಡಾಪ್ಟರ್ ಕೊಳ್ಳುವ ಮೊದಲೇ ಇದನ್ನು ಖಚಿತಪಡಿಸಿಕೊಳ್ಳಿ.

ಒಂದೇ ಪೋರ್ಟ್ ಇದ್ದರೆ

ಆಗ ಎಚ್‌ಡಿಎಂಐ ಸ್ಪ್ಲಿಟರ್ ಬೇಕು. ಇದು ಒಂದು ಸಿಗ್ನಲ್ ಪಡೆದು ಎರಡು ಕಡೆಗೆ ಕಳಿಸುತ್ತದೆ. ಅಂಗಡಿಯಲ್ಲಿ ಹಲವರು ಇದರ ಬದಲು 'ಸ್ವಿಚ್' ತಂದು ದುಡ್ಡು ಕಳೆದುಕೊಳ್ಳುತ್ತಾರೆ. ಸ್ವಿಚ್‌ನ ಕೆಲಸವೇ ಬೇರೆ: ಹಲವು ಕಂಪ್ಯೂಟರ್‌ಗಳಲ್ಲಿ ಒಂದನ್ನು ಆರಿಸಿ ಒಂದೇ ಪರದೆಗೆ ಕೊಡುವುದು. ವಿದ್ಯುತ್ ಅಡಾಪ್ಟರ್ ಇಲ್ಲದ ಅಗ್ಗದ 'ವೈ' ಕೇಬಲ್ ಅನ್ನೂ ನಂಬಬೇಡಿ. ಸ್ಪ್ಲಿಟರ್‌ನಿಂದ ಎರಡೂ ಕಡೆ ಒಂದೇ ಚಿತ್ರ ಬರುತ್ತದೆಯೇ ಹೊರತು 'ಎಕ್ಸ್‌ಟೆಂಡ್' ಸಾಧ್ಯವಿಲ್ಲ.

ಚಿತ್ರ ಮಸುಕಾದರೆ

ಮಾನಿಟರ್ 1920x1080 ಇದ್ದು, ಹಳೆಯ ಪ್ರೊಜೆಕ್ಟರ್ 1024x768 ಇರಬಹುದು. 'ಡೂಪ್ಲಿಕೇಟ್'ನಲ್ಲಿ ಕಂಪ್ಯೂಟರ್ ಸಾಮಾನ್ಯವಾಗಿ ಎರಡಕ್ಕೂ ಹೊಂದುವ ಅಳತೆಯನ್ನೇ ಆರಿಸುತ್ತದೆ. ಆಗ ಮಾನಿಟರ್‌ನ ಚಿತ್ರ ಮಸುಕಾಗಬಹುದು. ಸಭಿಕರು ನೋಡುವುದು ದೊಡ್ಡ ಪರದೆಯನ್ನು, ಹಾಗಾಗಿ ಪ್ರೊಜೆಕ್ಟರ್‌ನ ಅಳತೆಗೇ ಆದ್ಯತೆ ಕೊಡಿ.

ಧ್ವನಿ ಬಾರದಿದ್ದರೆ

ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರದ ಜತೆ ಧ್ವನಿಯೂ ಹೋಗುತ್ತದೆ. ಕೇಬಲ್ ಹಾಕಿದೊಡನೆ ಧ್ವನಿ ಪ್ರೊಜೆಕ್ಟರ್‌ನ ಪುಟ್ಟ ಸ್ಪೀಕರ್‌ಗೆ ಹೋಗಿಬಿಡಬಹುದು. ಸೌಂಡ್ ಐಕಾನ್ ಒತ್ತಿ, ಸಭಾಂಗಣದ ಮಿಕ್ಸರ್‌ಗೆ ಜೋಡಿಸಿದ ಹೆಡ್‌ಫೋನ್ ಔಟ್‌ಪುಟ್ ಆರಿಸಿ. ಹಳೆಯ 15 ಪಿನ್‌ನ ವಿಜಿಎ ಕೇಬಲ್‌ನಲ್ಲಿ ಧ್ವನಿ ಬರುವುದೇ ಇಲ್ಲ. ಅದಕ್ಕೆ ಬೇರೆ ಆಡಿಯೋ ತಂತಿ ಬೇಕು.

ಕೇಬಲ್ ಉದ್ದ ಎಷ್ಟಿರಬೇಕು?

ಸಾಮಾನ್ಯ ಎಚ್‌ಡಿಎಂಐ ಕೇಬಲ್ 10-15 ಮೀಟರ್ ದಾಟಿದರೆ ಚಿತ್ರ ಮಿನುಗುವುದು, ಕಡಿದುಹೋಗುವುದು ಶುರುವಾಗಬಹುದು. ದೂರ ಹೆಚ್ಚಿದ್ದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಬಳಸಿ. ನೆಟ್‌ವರ್ಕ್ ಕೇಬಲ್ ಮೂಲಕ ಸಿಗ್ನಲ್ ಒಯ್ಯುವ ಎಚ್‌ಡಿಬೇಸ್‌ಟಿ ಸಾಧನದಿಂದ 100 ಮೀಟರ್‌ವರೆಗೂ ಕಳಿಸಬಹುದು.

ಖಾಸಗಿ ಸಂದೇಶಗಳ ಬಗ್ಗೆ ಎಚ್ಚರ

'ಡೂಪ್ಲಿಕೇಟ್'ನಲ್ಲಿ ವಾಟ್ಸಾಪ್ ಸಂದೇಶ, ಇಮೇಲ್ ಸೂಚನೆ ಎಲ್ಲವೂ ಇಡೀ ಸಭೆಗೆ ಕಾಣುತ್ತವೆ. ನೋಟಿಫಿಕೇಶನ್ ಬಂದ್ ಮಾಡಿ ಅಥವಾ 'ಎಕ್ಸ್‌ಟೆಂಡ್' ಬಳಸಿ. ವಿಂಡೋಸ್, ಶಿಫ್ಟ್ ಮತ್ತು ಬಾಣದ ಕೀಗಳನ್ನು ಒಟ್ಟಿಗೆ ಒತ್ತಿದರೆ ವಿಡಿಯೋ ಇರುವ ವಿಂಡೋ ದೊಡ್ಡ ಪರದೆಗೆ ಜಿಗಿಯುತ್ತದೆ. ಆಗ ಮುಂದಿನ ವಿಡಿಯೋವನ್ನು ಯಾರಿಗೂ ಕಾಣದಂತೆ ಮಾನಿಟರ್‌ನಲ್ಲಿ ಸಿದ್ಧ ಮಾಡಿಕೊಳ್ಳಬಹುದು.

ಕಾರ್ಯಕ್ರಮಕ್ಕೆ ಮೊದಲು

ಅದೇ ಕಂಪ್ಯೂಟರ್, ಅದೇ ಕೇಬಲ್, ಅದೇ ಪ್ರೊಜೆಕ್ಟರ್ ಇಟ್ಟುಕೊಂಡು ಒಂದು ಗಂಟೆ ಮುಂಚೆ ವಿಡಿಯೋ ಓಡಿಸಿ ನೋಡಿ. ಸ್ಲೀಪ್ ಮೋಡ್ ಬಂದ್ ಮಾಡಿ, ಚಾರ್ಜರ್ ಹಾಕಿಡಿ. ಫೈಲನ್ನು ಇಂಟರ್ನೆಟ್‌ನಿಂದ ಓಡಿಸದೆ ಕಂಪ್ಯೂಟರ್‌ಗೇ ಇಳಿಸಿಕೊಳ್ಳಿ, ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇರಲಿ. ಇಷ್ಟಾದರೂ 'ನೋ ಸಿಗ್ನಲ್' ಎಂದರೆ ಗಾಬರಿ ಬೇಡ. ಮೊದಲು ಪ್ರೊಜೆಕ್ಟರ್‌ನ 'ಸೋರ್ಸ್' ಬಟನ್ ಒತ್ತಿ, ಸರಿಯಾದ ಇನ್‌ಪುಟ್ ಆಯ್ಕೆಯಾಗಿದೆಯೇ ನೋಡಿ. ಎಷ್ಟೋ ಸಲ ತೊಂದರೆ ಇರುವುದು ಅಲ್ಲೇ.