ಮಂದ್ರ ಸ್ವರಕ್ಕೆ ಎಷ್ಟು ದೊಡ್ಡ ಪೆಟ್ಟಿಗೆ?



ಕನ್ನಡದಲ್ಲಿ ರಸಮಂಜರಿ ಎನ್ನಿ, ಮಲಯಾಳದಲ್ಲಿ ಗಾನಮೇಳ ಎನ್ನಿ. ನಮ್ಮ ಕಾಸರಗೋಡಿನ ಜಾತ್ರೆಗಳಲ್ಲಿ ವೇದಿಕೆಯ ಹಿಂದೆ ನಿಂತು ನಾಲ್ಕು ತಂತಿಯ ಬೇಸ್ ಗಿಟಾರ್ ನುಡಿಸುವವನ ಮುಖ ಯಾರಿಗೂ ನೆನಪಿರುವುದಿಲ್ಲ. ಅವನು ಕೈ ನಿಲ್ಲಿಸಿದರೆ ಮಾತ್ರ ಹಾಡು ಬಡವಾದದ್ದು ತಿಳಿಯುತ್ತದೆ. ಅಂಥ ಒಬ್ಬ ಹುಡುಗ, ನನ್ನ ಅಕ್ಕನ ಮೊಮ್ಮಗ, ಸಾಲ ಮಾಡಿ ಒಂದು ಹಳೆಯ ಗಿಟಾರ್ ಆಂಪ್ಲಿಫೈಯರ್ ತಂದು ಅದರಲ್ಲಿ ಬೇಸ್ ನುಡಿಸಿದ. ಎರಡನೆಯ ಕಾರ್ಯಕ್ರಮದಲ್ಲೇ ಸ್ಪೀಕರಿನ ಕಾಗದ ಹರಿಯಿತು. "ಅಜ್ಜ, ಹೊಸತು ಕೊಳ್ಳುವುದಾದರೆ 10 ಇಂಚಿನದ್ದೋ, 15 ಇಂಚಿನದ್ದೋ?" ಎಂದು ಈಗ ಕೇಳುತ್ತಾನೆ. ಈ ಪ್ರಶ್ನೆಗೆ 70 ವರ್ಷ ಮೀರಿದ ಚರಿತ್ರೆಯಿದೆ.

ಅಮೆರಿಕದ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಮೊದಲು ಲೆಕ್ಕ ಬರೆಯುವವನಾಗಿದ್ದ. ಆ ಕೆಲಸ ಹೋದ ಮೇಲೆ 1938ರಲ್ಲಿ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ. ಬ್ಯಾಂಕಿನ ಲೆಡ್ಜರ್ ಬರೆದೇ ಆಯುಷ್ಯ ಕಳೆದ ನನಗೆ ಈತನ ಮೇಲೆ ತುಸು ಅಭಿಮಾನ ಹೆಚ್ಚು. 1951ರಲ್ಲಿ ಆತ ಪ್ರಿಸಿಷನ್ ಬೇಸ್ ಎಂಬ ಗಿಟಾರನ್ನು, 1952ರಲ್ಲಿ ಅದಕ್ಕೆಂದೇ ಬೇಸ್‌ಮ್ಯಾನ್ ಎಂಬ ಆಂಪ್ಲಿಫೈಯರನ್ನು ಹೊರತಂದ. ಆಂಪ್ಲಿಫೈಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ. ಇದನ್ನೇ ಕಾಂಬೋ ಎನ್ನುವುದು. ಸ್ಪೀಕರ್ ಒಂದೇ, 15 ಇಂಚಿನದು.

ತೊಂದರೆಯಿದ್ದದ್ದು ಸ್ವರದಲ್ಲೇ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸಿದರೆ ಬೇಸಿನದು 41 ಬಾರಿ. ಒಂದೇ ಸ್ಪೀಕರಿನಿಂದ ಒಂದು ಸ್ಥಾಯಿ ಕೆಳಗಿನ ಸ್ವರ ಅಷ್ಟೇ ಜೋರಾಗಿ ಹೊರಡಬೇಕಾದರೆ ಅದರ ಕಾಗದದ ಕೋನು ನಾಲ್ಕು ಪಟ್ಟು ದೂರ ಹಿಂದೆಮುಂದೆ ಓಡಾಡಬೇಕು. ಹರಿಯದೆ ಇನ್ನೇನಾದೀತು! 1954ರ ಕೊನೆಗೆ ಫೆಂಡರ್ 10 ಇಂಚಿನ ನಾಲ್ಕು ಸ್ಪೀಕರ್ ಕೂರಿಸಿದ. ಲೆಕ್ಕ ನೋಡಿ: ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ. 15ರ ವರ್ಗ 225. 10ರ ವರ್ಗ 100, ನಾಲ್ಕಕ್ಕೆ 400. ಭಾರ ಹಂಚಿಹೋಯಿತು. ಆದರೆ ಪೆಟ್ಟಿಗೆಯ ಬೆನ್ನು ತೆರೆದಿತ್ತು. ಕೋನಿನ ಹಿಂದೆ ಹುಟ್ಟಿದ ಸದ್ದು ಸುತ್ತಿ ಬಂದು ಮುಂದಿನ ಮಂದ್ರವನ್ನು ತಿಂದುಹಾಕುತ್ತದೆ. ಹೀಗಾಗಿ ಬೇಸಿಗೆಂದು ಹುಟ್ಟಿದ ಪೆಟ್ಟಿಗೆಯನ್ನು ಹೆಚ್ಚು ಮೆಚ್ಚಿದವರು ಗಿಟಾರ್ ವಾದಕರು! ಲಂಡನ್ನಿನ ಜಿಮ್ ಮಾರ್ಷಲ್‌ನ ಅಂಗಡಿಯಲ್ಲಿ 1962ರ ಸುಮಾರಿಗೆ ತಯಾರಾದ ಮೊದಲ ಗಿಟಾರ್ ಆಂಪ್ಲಿಫೈಯರಿಗೂ ಇದೇ ಮೇಲ್ಪಂಕ್ತಿ.

ಆಂಪೆಗ್ ಕಂಪೆನಿಯ ಎವರೆಟ್ ಹಲ್ ಸ್ವತಃ ಬೇಸ್ ವಾದಕ. ಅವರ 1960ರ ಬಿ-15 ಮಾದರಿಯಲ್ಲಿ ಮತ್ತೆ 15 ಇಂಚಿನ ಒಂದೇ ಸ್ಪೀಕರ್, ಆದರೆ ಬೆನ್ನು ಮುಚ್ಚಿದ ಪೆಟ್ಟಿಗೆ. ಶಕ್ತಿ ಬರೀ 25 ವ್ಯಾಟ್. ಕೋಣೆಗೆ ಸಾಕು, ಮೈದಾನಕ್ಕೆ ಸಾಲದು. 1969ರಲ್ಲಿ ಅದೇ ಕಂಪೆನಿ 300 ವ್ಯಾಟಿನ ಎಸ್‌ವಿಟಿ ತಂದಾಗ, ಅದಕ್ಕೆ 10 ಇಂಚಿನವು ಎಂಟೆಂಟು ಇರುವ ಮುಚ್ಚಿದ ಪೆಟ್ಟಿಗೆಗಳು ಬೇಕಾದವು.

ಸ್ಪೀಕರನ್ನೂ ಪೆಟ್ಟಿಗೆಯನ್ನೂ ಒಟ್ಟಿಗೇ ಲೆಕ್ಕ ಹಾಕುವ ದಾರಿಯನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ತೋರಿಸಿದರು. ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಇಂಚು ದೊಡ್ಡದಾದರೆ ಮಂದ್ರ ತಾನಾಗಿ ಇಳಿಯುತ್ತದೆಂಬ ಮಾತು ಅಲ್ಲಿಗೆ ನಿಲ್ಲಲಿಲ್ಲ. ಚೆನ್ನಾಗಿ ಹೊಂದಿಸಿದ 10 ಇಂಚಿನದು ಹೊಂದಾಣಿಕೆಯಿಲ್ಲದ 15ಕ್ಕಿಂತ ಕೆಳಗೆ ಹೋಗಬಲ್ಲದು.

ಹುಡುಗನಿಗೆ ಹೇಳಿದೆ: ಮನೆಯ ಅಭ್ಯಾಸಕ್ಕೆ 10 ಇಂಚಿನ ಒಂದು ಸಾಕು, ಡ್ರಮ್ಮಿನ ಪಕ್ಕ ನಿಲ್ಲುವುದಾದರೆ 200 ವ್ಯಾಟಿಗೆ ಕಡಿಮೆ ಬೇಡ, ಬೇಸಿಗೆಂದೇ ಮಾಡಿದ್ದನ್ನೇ ಕೊಳ್ಳು, ನಿನ್ನ ಗಿಟಾರನ್ನೇ ಒಯ್ದು ದಪ್ಪ ತಂತಿ ಮೀಟಿ ಕೇಳು. ಅವನು 12 ಇಂಚಿನದೊಂದನ್ನು ನೋಡಿ ಬಂದಿದ್ದಾನೆ. ಹರಿದುಹೋದದ್ದರ ಸಾಲದಲ್ಲಿ ಇನ್ನೂ ನಾಲ್ಕು ಕಂತು ಬಾಕಿಯಿದೆ.