ಹೆಸರಿಲ್ಲದ ರಾಜಕುಮಾರಿ

'ದಿ ಕ್ರೌನ್' ಧಾರಾವಾಹಿ 2020ರಲ್ಲಿ ಚಾರ್ಲ್ಸ್-ಡಯಾನಾ ದಾಂಪತ್ಯದ ಬಿರುಕನ್ನು ಮನೆಮನೆಗೆ ತಂದಿತು. ಮುಚ್ಚಿದ ಬಾಗಿಲ ಹಿಂದಿನ ಮಾತುಗಳೆಲ್ಲ ಬರೆದವರ ಕಲ್ಪನೆ. ಹಲವರಿಗೆ ಅದೇ ಇತಿಹಾಸವಾಯಿತು.

ಇಂಥ ಕಥೆಗೆ ನಾವು ಲಂಡನ್ನಿಗೇ ಹೋಗಬೇಕಿಲ್ಲ. ಜಿಡಗಾ ಸೇರಿದ ನಮ್ಮ ಸೀಮೆಯನ್ನು ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ 1407ರ ಸುಮಾರಿಗೆ ವಿಜಯನಗರದ ದೇವರಾಯನ ಮಗಳನ್ನು ಮದುವೆಯಾದನೆಂದು ಫರಿಷ್ತಾ ಬರೆಯುತ್ತಾನೆ. ಬಂಕಾಪುರ ಬಳುವಳಿ. ಬೀಳ್ಕೊಡಲು ಬಂದ ಮಾವ ಅರ್ಧ ದಾರಿಗೇ ಹಿಂದಿರುಗಿದನೆಂದು ಅಳಿಯ ಮುನಿದನಂತೆ. ಬಿಜಾಪುರದಲ್ಲಿ ಕುಳಿತು ಫರಿಷ್ತಾ ಇದನ್ನು ಬರೆದದ್ದು ಇನ್ನೂರು ವರ್ಷಗಳ ಮೇಲೆ. ಅವನೂ ಒಂದು ಬಗೆಯ ಧಾರಾವಾಹಿಕಾರನೇ ಅನ್ನೋಣ! ಆ ಯುದ್ಧಕ್ಕೆ ನೆಪವಾದ ಮುದಗಲ್ಲಿನ ಅಕ್ಕಸಾಲಿಗನ ಮಗಳನ್ನು ಹೆಸರಿಟ್ಟು ಕರೆಯುವ ಅವನು ರಾಜಕುಮಾರಿಯ ಹೆಸರನ್ನು ಮಾತ್ರ ಹೇಳುವುದಿಲ್ಲ. ಡಯಾನಾ 1995ರಲ್ಲಿ ಬಿಬಿಸಿಯಲ್ಲಿ ತನ್ನ ಮಾತನ್ನು ತಾನೇ ಆಡಿದಳು. ಇವಳ ಪಾಲಿಗೆ ಉಳಿದದ್ದು ಗಂಡ ಮತ್ತು ತಂದೆಯ ಮುನಿಸು. ಹದಿನೈದು ವರ್ಷ ತುಂಬುವುದರೊಳಗೆ ಪಾನಗಲ್ಲಿನಲ್ಲಿ ಇಬ್ಬರ ಸೈನ್ಯಗಳೂ ಮತ್ತೆ ಕಾದಾಡಿದವು.